ಆಕಾಶದಿಂದ ಇಳಿದವರಿಗೆ ನಾಲ್ಕು ಚಕ್ರ



ಪ್ಯಾರಾಚೂಟ್‌ ಕಟ್ಟಿಕೊಂಡು ಜಿಗಿಯುವ ಯೋಧರನ್ನು ಸಿನಿಮಾಗಳಲ್ಲಿ ನೋಡಿದ್ದೇವೆ. ನೆಲ ಮುಟ್ಟಿದ ಮೇಲೆ ಅವರು ಏನು ಮಾಡುತ್ತಾರೆ ಎಂದು ಯೋಚಿಸಿದ್ದೀರಾ? ವಿಮಾನದಲ್ಲಿ ಹಾರಿ ಬಂದವರು ಇಳಿದ ಕ್ಷಣದಿಂದ ಕಾಲ್ನಡಿಗೆಯವರು. ಮದ್ದುಗುಂಡು, ನೀರು, ವೈರ್‌ಲೆಸ್ ಎಲ್ಲವೂ ಬೆನ್ನ ಮೇಲೆ. ಗಾಯಾಳುಗಳಿದ್ದರೆ ಅವರೂ ಹೆಗಲ ಮೇಲೆ.

ಇದಕ್ಕೆ ಪರಿಹಾರವಾಗಿ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ವೆಲ್‌ಬೈಕ್ ಎಂಬ ಮಡಚುವ ಮೋಟಾರ್ ಬೈಕ್ ಮಾಡಿದರು. ತೂಕ ಸುಮಾರು 32 ಕಿಲೋ. ಪ್ಯಾರಾಚೂಟ್‌ನಲ್ಲಿ ಇಳಿಸುವ ಡಬ್ಬಿಯೊಳಗೇ ಅದು ಕೂರುತ್ತಿತ್ತು. ಆದರೆ ಜೀಪು ಒಂದು ಟನ್ನಿಗೂ ಹೆಚ್ಚು ಭಾರ. ಬಂಪರ್ ಕತ್ತರಿಸಿ, ಸ್ಟೀರಿಂಗ್ ಚಕ್ರ ಬಿಚ್ಚಿ, ಹಾರ್ಸಾ ಎಂಬ ಮರದ ಗ್ಲೈಡರ್‌ನಲ್ಲಿ ಅದನ್ನು ತುಂಬುತ್ತಿದ್ದರು.

1944ರ ಸೆಪ್ಟೆಂಬರ್ 17. ಹಾಲೆಂಡಿನ ಆರ್ನೆಮ್ ಸೇತುವೆಯನ್ನು ಹಿಡಿಯಬೇಕಿತ್ತು. ಸೈನಿಕರು ಇಳಿದ ಬಯಲಿನಿಂದ ಸೇತುವೆ 10 ಕಿಲೋಮೀಟರಿಗೂ ದೂರ. ಮೆಷಿನ್‌ಗನ್ ಹೊತ್ತ ಜೀಪುಗಳು ಮುಂದೆ ನುಗ್ಗಿ ಅದನ್ನು ಹಿಡಿಯಲಿ ಎಂಬುದು ಯೋಜನೆ. ದಾರಿಯಲ್ಲಿ ಹೊಂಚು ಹಾಕಿದ್ದ ಜರ್ಮನ್ನರ ಗುಂಡಿಗೆ ಮುಂಚೂಣಿಯ ಜೀಪುಗಳೇ ಸಿಕ್ಕಿಬಿದ್ದವು. ಅಂದು ಸಂಜೆ ಸೇತುವೆಯ ಉತ್ತರ ತುದಿ ಮುಟ್ಟಿದ್ದು ಬೇರೊಂದು ದಾರಿಯಲ್ಲಿ ನಡೆದು ಹೋದ ಜಾನ್ ಫ್ರಾಸ್ಟ್ ಅವರ ಪಡೆ. ನೆರವು ಬಾರದೆ, ಮೂರು ದಿನಗಳಿಗೂ ಹೆಚ್ಚು ಕಾಲ ಹೋರಾಡಿ ಅವರು ಸೋತರು.

ಹಗುರ ಗಾಡಿಯ ಗುಣವೂ ದೋಷವೂ ಇಲ್ಲೇ ಇದೆ. ತಗಡು ಕಡಿಮೆಯಾದಷ್ಟೂ ವಿಮಾನಕ್ಕೆ ಏರಿಸುವುದು ಸುಲಭ. ಗುಂಡಿನಿಂದ ರಕ್ಷಣೆ ಮಾತ್ರ ಇಲ್ಲ.

1956ರಲ್ಲಿ ಅಮೆರಿಕದ ಸೇನೆಗೆ ಬಂದ 'ಮ್ಯೂಲ್', ಅಂದರೆ ಹೇಸರಗತ್ತೆ, ಇದಕ್ಕೊಂದು ಉಪಾಯ ಹುಡುಕಿತು. ಚಕ್ರದ ಮೇಲಿಟ್ಟ ಹಲಗೆಯಂತಿದ್ದ ಅದರ ತೂಕ ಸುಮಾರು 400 ಕಿಲೋ, ಹೊರುತ್ತಿದ್ದುದು ಅದಕ್ಕೂ ಹೆಚ್ಚು. ಗುಂಡು ಹಾರುತ್ತಿದ್ದರೆ ಸ್ಟೀರಿಂಗನ್ನು ಬಾಗಿಸಿ, ಚಾಲಕ ಕೆಳಗಿಳಿದು ತೆವಳುತ್ತಲೇ ಗಾಡಿ ಓಡಿಸಬಹುದಿತ್ತು!

2020ರಲ್ಲಿ ಅಮೆರಿಕ ಆರಿಸಿಕೊಂಡ ಹೊಸ ಗಾಡಿಯಲ್ಲಿ ಒಂಬತ್ತು ಜನ ಕೂರಬಹುದು, ಹೆಲಿಕಾಪ್ಟರಿಗೆ ತೂಗುಹಾಕಿ ಒಯ್ಯಬಹುದು. ಅದಕ್ಕೂ ಉಕ್ಕಿನ ಕವಚವಿಲ್ಲ. ಸೈನಿಕರನ್ನು ಕದನದ ಹತ್ತಿರಕ್ಕೆ ಬೇಗ ಮುಟ್ಟಿಸುವುದಷ್ಟೇ ಅದರ ಕೆಲಸ. ಮುಂದಿನದು ಇಂದಿಗೂ ಅವರ ಕಾಲಿನ ಮೇಲೆಯೇ ನಿಂತಿದೆ.