ಬಸುರಿ ಗದ್ದೆಗೆ ಬಯಕೆಯೂಟ

ಪುರಾಣದ ಕತೆ ಹುಡುಕಿಕೊಂಡು ಹೊರಟರೆ ಭೂಮಿ ಹುಣ್ಣಿಮೆ ಕೈಗೆ ಸಿಗುವುದಿಲ್ಲ. ಇಲ್ಲಿ ರಾಕ್ಷಸ ಸಾಯುವುದಿಲ್ಲ, ದೇವರು ಅವತಾರ ಎತ್ತುವುದಿಲ್ಲ. ಗುಡಿಯೂ ಬೇಡ, ಪುರೋಹಿತರೂ ಬೇಡ. ಹೊಡೆ ತುಂಬಿದ ಗದ್ದೆಯೊಂದಿದ್ದರೆ ಸಾಕು. ಮುಂಗಾರಿನಲ್ಲಿ ನಟ್ಟ ಭತ್ತ ಆಶ್ವಯುಜದ ಹುಣ್ಣಿಮೆ ಹೊತ್ತಿಗೆ ತೆನೆ ಕಟ್ಟುತ್ತಿರುತ್ತದೆ. ಮಲೆನಾಡಿನ ರೈತರ ಕಣ್ಣಿಗೆ ಭೂಮಿ ಆಗ ತುಂಬು ಬಸುರಿ. ಬಸುರಿ ಮಗಳಿಗೆ ಬಯಕೆಯೂಟ ಹಾಕದೆ ಬಿಡುತ್ತಾರೆಯೇ? ಬಯಲುಸೀಮೆ, ಉತ್ತರ ಕರ್ನಾಟಕದವರಿಗೆ ಈ ಹಬ್ಬವೇ ಶೀಗಿ ಹುಣ್ಣಿಮೆ. ಅಲ್ಲಿ ಎಡೆಯ ಅಡುಗೆಯನ್ನು ಚರಗವಾಗಿ ಹೊಲಕ್ಕೆ ಚೆಲ್ಲುತ್ತಾರೆ.

ಹಬ್ಬದ ಸೊಗಸು ನೋಡಬೇಕಾದರೆ ಮಲೆನಾಡಿನ ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಮನೆಗಳಿಗೇ ಹೋಗಬೇಕು. ದಸರೆ ಮುಗಿಯುತ್ತಿದ್ದಂತೆ ಅಲ್ಲಿ ಬುಟ್ಟಿಗಳು ಅಟ್ಟದಿಂದ ಇಳಿಯುತ್ತವೆ. ಅವಕ್ಕೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಆಮೇಲೆ ಹೆಂಗಸರು ಪುಂಡಿನಾರಿನ ಕುಂಚವನ್ನು ಅರೆದ ಅಕ್ಕಿಯ ಬಿಳುಪಿನಲ್ಲಿ ಅದ್ದಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಕಪ್ಪಿಗೆ ಹುರಿದು ಕರಿಕು ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಅಳತೆಪಟ್ಟಿ ಇಲ್ಲದೆ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಒಂದರ ಪಕ್ಕ ಒಂದು ಕೂರಿಸುವ ಆ ಕೈಚಳಕದ ಮುಂದೆ, ಈಗ ಮೇಳಗಳಲ್ಲಿ ಸಿಗುವ ಅಕ್ರಿಲಿಕ್ ಬಣ್ಣದ ಬುಟ್ಟಿಗಳು ನನಗಂತೂ ಸಪ್ಪೆ. ಹೀಗೆ ಕೈಯಲ್ಲಿ ಚಿತ್ತಾರ ಬರೆದದ್ದೇ ಭೂಮಣ್ಣಿ ಬುಟ್ಟಿ.

ಹುಣ್ಣಿಮೆಯ ಹಿಂದಿನ ರಾತ್ರಿ ಅಡುಗೆಮನೆಗೆ ನಿದ್ದೆಯಿಲ್ಲ. ಬೇಲಿ, ಕಾಡು ಅಲೆದು ತಂದ ಬಗೆಬಗೆಯ ಸೊಪ್ಪು ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ಅಮಟೆಕಾಯಿ, ಹೀರೆಕಾಯಿ, ಕೊಟ್ಟೆ ಕಡುಬು ಜೊತೆಗೂಡುತ್ತವೆ. ನಸುಕಿನಲ್ಲೇ ಗಂಡಸರು ಭೂಮಿತಾಯಿಯನ್ನು ಕೂಗಿ ಕರೆಯುತ್ತ ಸೊಪ್ಪಿನ ಬೆರಕೆಯನ್ನು ಗದ್ದೆಗೆ ಬೀರುತ್ತಾರೆ. ಬೆಳಗಾದ ಮೇಲೆ ಮನೆಮಂದಿಯೆಲ್ಲ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು ಅಲ್ಲಿಗೆ ಹೋಗಿ, ಪೈರಿಗೆ ಮನೆಯೊಡತಿಯ ತಾಳಿಸರ ತೊಡಿಸಿ ಪೂಜೆ ಮಾಡುತ್ತಾರೆ. ಎಡೆಯಲ್ಲಿ ಕಾಗೆಗೂ ಇಲಿಗೂ ಪಾಲಿದೆ. ಬೆಳೆ ತಿನ್ನುವ ಇಲಿಗೇ ಮೊದಲು ಉಣ್ಣಿಸುವುದು ಭಕ್ತಿಯೋ ರಾಜಿಯೋ, ಹೇಳುವುದು ಕಷ್ಟ! ಕೆಲವು ಊರುಗಳಲ್ಲಿ ಕಡುಬೊಂದನ್ನು ಗದ್ದೆಯಲ್ಲೇ ಹುಗಿದಿಟ್ಟು, ಕೊಯ್ಲಿನ ಹೊತ್ತಿಗೆ ತೆಗೆಯುತ್ತಾರೆ.

ಈಗ ಮಲೆನಾಡಿನ ಎಷ್ಟೋ ಗದ್ದೆ ಅಡಿಕೆ ತೋಟವಾಗಿದೆ. ಹಬ್ಬ ನಿಂತಿಲ್ಲ, ತಾಳಿಸರ ಅಡಿಕೆ ಮರಕ್ಕೆ ಏರಿದೆ. ಆದರೆ ಆ ಹೊತ್ತಿಗೆ ಅಡಿಕೆ ಗೊನೆ ಬಲಿತು ಕೊಯ್ಲಿಗೇ ಬಂದಿರುತ್ತದೆ. ಹೆರಿಗೆಯ ಹೊಸ್ತಿಲಲ್ಲಿ ಬಯಕೆಯೂಟ ಬಡಿಸಿದಂತಾದರೂ, ಬಡಿಸುವವರು ಅದನ್ನೇನೂ ದೊಡ್ಡದು ಮಾಡುವುದಿಲ್ಲ.