ನಿಮಗಿದು ಗೊತ್ತೇ? ಹುಲಿಕಲ್ ಮಳೆಯೂ ಕಸರತ್ತಿನ ಸೈಕಲ್ಲೂ

ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್ಲಿಗೆ ಒಂದು ಹನಿ ಮಳೆಯೂ ತಾಗುವುದಿಲ್ಲ. ಆದರೂ ಹುಲಿಕಲ್ಲಿನಂಥ ಊರಿನಲ್ಲಿ ಅದು ತುಕ್ಕು ಹಿಡಿಯುತ್ತದೆ. ಹೊಸನಗರ ತಾಲ್ಲೂಕಿನ ಈ ಘಟ್ಟದ ತಲೆಯಲ್ಲಿ ಕೆಲವು ವರ್ಷ 8,000 ಮಿ.ಮೀ. ದಾಟಿ ಮಳೆ ಸುರಿದದ್ದಿದೆ. ಆಗುಂಬೆಯನ್ನು ಹಿಂದಿಕ್ಕಿದ ವರ್ಷಗಳೂ ಇವೆ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸರಾಸರಿ ಸಾವಿರ ಮಿ.ಮೀ. ಆಸುಪಾಸು. ಅಲ್ಲಿನ ಜಿಮ್‌ಗೆಂದು ಬರೆದ ಸರ್ವಿಸ್ ಪಟ್ಟಿ ಇಲ್ಲಿಗೆ ಸಾಲದು.

ಗಾಳಿಯ ತೇವಾಂಶ ಶೇ. 60ರ ಆಸುಪಾಸು ದಾಟಿದರೆ ಕಬ್ಬಿಣದ ತುಕ್ಕು ಚುರುಕಾಗುತ್ತದೆ. ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವುದು ಹೀಗೆಯೇ. ಬೆವರಿನಲ್ಲಿರುವುದೂ ಅದೇ ಉಪ್ಪು. ಸೈಕಲ್ಲಿನ ಮೇಲೆ ಒಣಗಿದಂತೆ ಕಂಡ ಬೆವರಿನ ಕಲೆ ಆಷಾಢದ ಥಂಡಿಗೆ ಮತ್ತೆ ಉಪ್ಪುನೀರಾಗಿ, ನೀವು ತುಳಿಯದ ದಿನವೂ ಕಬ್ಬಿಣವನ್ನು ತಿನ್ನುತ್ತಿರುತ್ತದೆ. ಈ ಯಂತ್ರ ಸವೆಯುವುದು ತುಳಿತದಿಂದ ಎಂದು ಬಹಳ ಜನ ತಿಳಿದಿದ್ದಾರೆ. ಮಲೆನಾಡಿನಲ್ಲಿ ಅದಕ್ಕಿಂತ ದೊಡ್ಡ ಶತ್ರು ಒರೆಸದೆ ಬಿಟ್ಟ ಬೆವರು.

ಬರೀ ಒಣಬಟ್ಟೆಯಲ್ಲಿ ಒರೆಸಿದರೆ ಉಪ್ಪು ಅಲ್ಲೇ ಉಳಿಯುತ್ತದೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ.

ಬೆವರು ಹೆಚ್ಚಾಗಿ ಬೀಳುವುದು ಸೀಟಿನ ಮೇಲಲ್ಲ, ಮುಂದೆ. ಹಣೆಯಿಂದ ಇಳಿದದ್ದು ಹ್ಯಾಂಡಲ್ ಕಂಬ, ಬಿಗಿ ಹೆಚ್ಚಿಸುವ ತಿರುಗುಗುಂಡಿ, ಅದರ ಕೆಳಗಿನ ಫ್ಲೈವೀಲ್ ಎಂದು ಸಾಗುತ್ತದೆ. ರಸ್ತೆಯಲ್ಲಾದರೆ ಎದುರುಗಾಳಿ ಬೆವರನ್ನು ಆರಿಸುತ್ತದೆ. ಕೋಣೆಯಲ್ಲಿ ಗಾಳಿಯಿಲ್ಲ, ಜಡಿಮಳೆಯ ದಿನ ಬೆವರು ಆರುವುದೂ ಇಲ್ಲ, ಎಲ್ಲವೂ ಹನಿಯಾಗಿ ಯಂತ್ರಕ್ಕೇ. ಒಂದು ಫ್ಯಾನ್ ಇಟ್ಟುಕೊಂಡರೆ ಮನುಷ್ಯನಿಗೂ ಯಂತ್ರಕ್ಕೂ ಹಿತ.

ಪಳಗಿದ ಮೆಕ್ಯಾನಿಕ್ ಮೊದಲು ಎಳೆದು ನೋಡುವುದು ಸೀಟಿನ ಕಂಬವನ್ನು. ಒಬ್ಬರೇ ತುಳಿಯುವ ಮನೆಯಲ್ಲಿ ಅದನ್ನು ಏರಿಸಿ ಇಳಿಸುವವರೇ ಇರುವುದಿಲ್ಲ. ಕಂಬ ಕೊಳವೆಯೊಳಗೇ ಕಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಕಂಬ ಉಕ್ಕಿನ ಕೊಳವೆಯಲ್ಲಿದ್ದು ನಡುವೆ ಉಪ್ಪುನೀರು ಸೇರಿದರಂತೂ ಬಿಡಿಸುವುದು ದೊಡ್ಡ ಪಾಡು. ತಿಂಗಳಿಗೊಮ್ಮೆ ಕಂಬ ಹೊರತೆಗೆದು ಒರೆಸಿ, ತೆಳುವಾಗಿ ಗ್ರೀಸ್ ಸವರಿದರೆ ಆ ಪಾಡಿಲ್ಲ.

ಎಡ ಪೆಡಲಿನ ತಿರುಪು ಉಲ್ಟಾ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಗೊತ್ತಿಲ್ಲದೆ ಬಲ ಹಾಕಿ ಕ್ರ್ಯಾಂಕಿನ ತಿರುಪು ಹಾಳಾದರೆ ಪೆಡಲ್ ಬದಲಿಸಿ ಉಪಯೋಗವಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕು. ಪೆಡಲ್ ತಿರುಪಿನ ಅಳತೆ ಸಾಮಾನ್ಯವಾಗಿ 9/16 ಇಂಚು. 1/2 ಇಂಚಿನದೂ ಇರುವುದರಿಂದ ಅಳೆದೇ ತನ್ನಿ.

ಪೆಡಲನ್ನು ಹಗುರವಾಗಿ ಕಾಣಬೇಡಿ. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಪೆಲೊಟಾನ್ ಕಂಪನಿ ಸುಮಾರು 27,000 ಸೈಕಲ್ಲುಗಳ ಪೆಡಲ್ ವಾಪಸು ಕರೆಸಿಕೊಂಡಿತು. ತುಳಿಯುವಾಗಲೇ ಪೆಡಲಿನ ಅಚ್ಚು ಮುರಿದು ಕಾಲಿಗೆ ಗಾಯವಾದ ದೂರುಗಳು ಬಂದಿದ್ದವು.

ಬೇರಿಂಗ್ ಮೇಲಿನ ಅಂಕಿಯಲ್ಲಿ ಒಂದು ಲೆಕ್ಕವಿದೆ. 6004 ಎಂದಿದ್ದರೆ ಕೊನೆಯ 04ನ್ನು ಐದರಿಂದ ಗುಣಿಸಿ: ಒಳರಂಧ್ರ 20 ಮಿ.ಮೀ. 6005 ಆದರೆ 25. 04ಕ್ಕಿಂತ ಕೆಳಗಿನವು ಈ ಲೆಕ್ಕಕ್ಕೆ ಬರುವುದಿಲ್ಲ, 6003 ಎಂದರೆ 17. ಅಂಕಿಯ ಮುಂದೆ ‘2ಆರ್‌ಎಸ್’ ಎಂದಿದ್ದರೆ ಎರಡೂ ಬದಿಗೆ ರಬ್ಬರ್ ಮುಚ್ಚಳ. ‘ಝಡ್‌ಝಡ್’ ಎಂದಿದ್ದರೆ ತಗಡಿನದು, ಸಂದಿಯಲ್ಲಿ ತೇವ ನುಗ್ಗಬಹುದು. ಹುಲಿಕಲ್ ಕಡೆಗೆ ರಬ್ಬರಿನದೇ ಸರಿ.

ತುಕ್ಕು ತಡೆಯುವ ದ್ರವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. ಅಟ್ಲಾಸ್ ಕ್ಷಿಪಣಿಯ ಹೊರಮೈಯನ್ನು ತುಕ್ಕಿನಿಂದ ಕಾಯಲು ಬಳಕೆಯಾಯಿತು. ಕಚ್ಚಿಕೊಂಡ ಬೋಲ್ಟ್ ಬಿಡಿಸಲು ಅದು ಬೇಕು. ಬೇರಿಂಗಿಗೆ ಹೊಡೆದರೆ ಮಾತ್ರ ಒಳಗಿನ ಗ್ರೀಸನ್ನೇ ತೊಳೆದುಬಿಡುತ್ತದೆ. ಬೆಲ್ಟಿಗೆ ಯಾವ ಎಣ್ಣೆಯೂ ಬೇಡ, ಜಾರುತ್ತದೆ. ಎಣ್ಣೆ ಬೇಕಾದದ್ದು ಚೈನಿಗೆ.

ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೂ ಆಯಸ್ಕಾಂತ ಅದರ ಚಕ್ರವನ್ನು ತಡೆಯಬಲ್ಲದು. ತಿರುಗುವ ಲೋಹದಲ್ಲಿ ಸುಳಿವಿದ್ಯುತ್ ಹುಟ್ಟಿ ಎದುರೊತ್ತುತ್ತದೆ. ಫ್ರಾನ್ಸಿನ ಫೂಕೊ 1855ರಲ್ಲಿ ಕಂಡ ಸಂಗತಿಯಿದು. ಆಯಸ್ಕಾಂತದಿಂದ ಬಿಗಿ ಕೊಡುವ ಸೈಕಲ್ಲಿನಲ್ಲಿ ಹೀಗೆ ಒಂದಕ್ಕೊಂದು ಉಜ್ಜುವುದೇ ಇಲ್ಲ, ಹಾಗಾಗಿ ಸವೆತವೂ ಇಲ್ಲ. ಹಳೆಯ ಬಗೆಯದರಲ್ಲಿ ಉಣ್ಣೆಯ ಪ್ಯಾಡ್ ಚಕ್ರವನ್ನು ಒತ್ತುತ್ತದೆ. ಉಣ್ಣೆ ಥಂಡಿ ಹೀರುತ್ತದೆ, ಬೆವರನ್ನೂ ಹೀರುತ್ತದೆ. ಘಟ್ಟದ ಮೇಲಿನವರು ಹೊಸದು ಕೊಳ್ಳುವುದಾದರೆ ಆಯಸ್ಕಾಂತದ್ದನ್ನೇ ಕೊಳ್ಳಲಿ ಎಂಬುದು ನನ್ನ ಮಾತು.

ಸ್ಪಿನ್ ಬೈಕ್‌ಗಳಲ್ಲಿ ಬಹಳಷ್ಟಕ್ಕೆ ಫ್ರೀವೀಲ್ ಇಲ್ಲ. ಕಾಲು ನಿಲ್ಲಿಸಿದರೂ ಭಾರದ ಫ್ಲೈವೀಲ್ ಪೆಡಲನ್ನು ತಿರುಗಿಸುತ್ತಲೇ ಇರುತ್ತದೆ. ಈ ಬಗೆಗೆಂದೇ ಐಎಸ್‌ಒ 20957 ಮಾನದಂಡದಲ್ಲಿ 10ನೆಯ ಭಾಗ ಬೇರೆಯಾಗಿದೆ. ತಿರುಗುಗುಂಡಿಯನ್ನು ಕೆಳಗೊತ್ತಿದರೆ ಚಕ್ರ ನಿಲ್ಲಬೇಕು. ಪ್ರತಿ ಸರ್ವಿಸ್‌ನಲ್ಲೂ ಇದನ್ನು ಪರೀಕ್ಷಿಸಲೇಬೇಕು. ಮಕ್ಕಳಿರುವ ಮನೆಯಲ್ಲಿ ಬಿಗಿ ಪೂರ್ತಿ ಹೆಚ್ಚಿಸಿಟ್ಟೇ ಇಳಿಯಿರಿ.

ಮೀಟರ್ ಸೊನ್ನೆ ತೋರಿಸಿದರೆ ಮೀಟರೇ ಕೆಟ್ಟಿದೆ ಎಂದುಕೊಳ್ಳಬೇಡಿ. ಬಹಳಷ್ಟು ಸೈಕಲ್ಲುಗಳಲ್ಲಿ ಸುತ್ತು ಎಣಿಸುವುದು ಒಂದು ಚಿಕ್ಕ ಆಯಸ್ಕಾಂತ, ಒಂದು ರೀಡ್ ಸ್ವಿಚ್. ಈ ಸ್ವಿಚ್ 1936ರಷ್ಟು ಹಳೆಯದು, ಬೆಲ್ ಪ್ರಯೋಗಾಲಯದ್ದು. ಆಯಸ್ಕಾಂತ ಸರಿದಿದೆಯೇ, ವೈರ್ ಕಳಚಿದೆಯೇ, ಸೆಲ್ ಸೋರಿ ತಗಡು ಹಸಿರುಗಟ್ಟಿದೆಯೇ ಎಂದು ಮೊದಲು ನೋಡಿ.

ದೊಡ್ಡ ಸರ್ವಿಸ್‌ಗೆ ಮಲೆನಾಡಿನ ಪಂಚಾಂಗವೇ ಸಾಕು: ಮೃಗಶಿರಾ ಮಳೆಗೆ ಮುಂಚೆ ಒಮ್ಮೆ, ಸ್ವಾತಿ ಕಳೆದ ಮೇಲೆ ಒಮ್ಮೆ. ನಡುವೆ ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೇ ಥಂಡಿ ಕೂರುತ್ತದೆ. ಹತ್ತಿ ಬಟ್ಟೆ ಸಾಕು. ಗೋಡೆಯಿಂದ ದೂರವಿಡಿ. ಗುಡುಗು ಕೇಳಿದರೆ ಪ್ಲಗ್ ಕೀಳಿ.

ಇನ್ನು ಸದ್ದು. ಪೆಡಲ್ ಸುತ್ತಿಗೊಮ್ಮೆ ‘ಟಕ್’ ಎಂದರೆ ಪೆಡಲನ್ನೋ ಕ್ರ್ಯಾಂಕನ್ನೋ ಬಿಗಿಗೊಳಿಸಿ. ವೇಗದೊಂದಿಗೆ ‘ಗುಂಯ್’ ಏರಿದರೆ ಫ್ಲೈವೀಲಿನ ಬೇರಿಂಗ್ ನೋಡಿ. ಸೀಟಿನಿಂದ ಎದ್ದು ನಿಂತು ತುಳಿದಾಗ ಕಿರುಗುಟ್ಟುವುದು ನಿಂತರೆ ಅದು ಸೀಟಿನದು, ಇಲ್ಲವೇ ಅದರ ಕಂಬದ್ದು. ಬೇರೆ ಏನನ್ನೂ ಬಿಚ್ಚಬೇಕಾಗಿಲ್ಲ.