ಈಸ್ಟರ್ ದ್ವೀಪದ ಮಣ್ಣು ಹೃದಯ ತಲುಪಿದ ಬಗೆ

ಬಲೂನಿನಿಂದ ತೆರೆದ ರಕ್ತನಾಳವನ್ನು ಮತ್ತೆ ಮುಚ್ಚುತ್ತಿದ್ದದ್ದು ಯಾವುದು ಗೊತ್ತೇ? ಗಾಯ ಮಾಯಿಸುವ ನಮ್ಮ ದೇಹದ ಗುಣವೇ!

1977ರ ಸೆಪ್ಟೆಂಬರ್ 16, ಜ್ಯೂರಿಕ್. ಡಾ. ಆಂಡ್ರಿಯಾಸ್ ಗ್ರುಂಟ್‌ಜಿಗ್ ಎಚ್ಚರವಾಗಿಯೇ ಇದ್ದ ರೋಗಿಯ ಹೃದಯದ ನಾಳಕ್ಕೆ ಪುಟ್ಟ ಬಲೂನು ತೂರಿಸಿ ಉಬ್ಬಿಸಿದರು. ಎದೆ ಸೀಳದೆಯೇ ಬ್ಲಾಕ್ ಬಿಟ್ಟುಕೊಂಡಿತು! ಆದರೆ ಬಲೂನು ಉಬ್ಬುವಾಗ ನಾಳದ ಒಳಪದರ ಬಿರಿಯುತ್ತದೆ. ಕೆಲವರಲ್ಲಿ ಬಿರಿದ ಪದರ ಹಾಳೆಯಂತೆ ಮಡಚಿಕೊಂಡು ರಕ್ತಕ್ಕೇ ಅಡ್ಡ ಬೀಳುತ್ತಿತ್ತು. ಆಗ ತುರ್ತು ಬೈಪಾಸೇ ಗತಿ. 1986ರಲ್ಲಿ ಟೂಲೂಸಿನಲ್ಲಿ ಜಾಕ್ ಪ್ಯುಯೆಲ್, ಲೊಸಾನ್‌ನಲ್ಲಿ ಉಲ್ರಿಕ್ ಸಿಗ್‌ವಾರ್ಟ್ ಲೋಹದ ಜಾಲರಿಯ ಸ್ಟೆಂಟ್ ಒಳಗಿಟ್ಟರು. ಕುಸಿಯುವ ಗೋಡೆ ನಿಂತೇಬಿಟ್ಟಿತು!

ಆದರೂ ಕೆಲವೇ ತಿಂಗಳಲ್ಲಿ ಹಲವರ ಸ್ಟೆಂಟಿನೊಳಗೇ ಹೊಸ ಮಾಂಸ ಬೆಳೆಯುತ್ತಿತ್ತು. ಗಾಯಗೊಂಡ ಗೋಡೆಯನ್ನು ಸರಿಪಡಿಸಲು ಹೊರಟ ಸ್ನಾಯುಕೋಶಗಳು ನಿಲ್ಲದೆ ಹೆಚ್ಚಿ ದಾರಿಯನ್ನೇ ತುಂಬುತ್ತಿದ್ದವು. ಅವಕ್ಕೆ ‘ಸಾಕು’ ಎನ್ನುವವರು ಯಾರು?

ಉತ್ತರ ಸಿಕ್ಕಿದ್ದು ಚಿಲಿ ಕರಾವಳಿಯಿಂದ 3,500 ಕಿ.ಮೀ.ಗೂ ಆಚೆ, ದೈತ್ಯ ಶಿಲಾಮೂರ್ತಿಗಳ ಈಸ್ಟರ್ ದ್ವೀಪದ ಮಣ್ಣಿನಲ್ಲಿ! 1964ರಲ್ಲಿ ಹೊರಟ ಕೆನಡಾದ ತಂಡವೊಂದು ಅಲ್ಲಿಂದ ಮಣ್ಣು ತಂದಿತ್ತು. ಬನಾರಸ್‌ನಲ್ಲಿ ಓದಿ ಮಾಂಟ್ರಿಯಲ್ ಸೇರಿದ್ದ ಸುರೇಂದ್ರನಾಥ ಸೆಹಗಲ್ ಮತ್ತು ಸಂಗಡಿಗರು ಅದರಲ್ಲಿದ್ದ ಬ್ಯಾಕ್ಟೀರಿಯಾದಿಂದ ರಾಪಾಮೈಸಿನ್ ಬೇರ್ಪಡಿಸಿದರು. ಮೊದಲು ಕಂಡದ್ದು ಶಿಲೀಂಧ್ರ ಕೊಲ್ಲುವ ಗುಣ ಮಾತ್ರ. 1983ರ ಹೊತ್ತಿಗೆ ಪ್ರಯೋಗಾಲಯ ಮುಚ್ಚಿದಾಗ ಸೆಹಗಲ್ ಆ ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರಿನಲ್ಲಿಟ್ಟು ಕಾಪಾಡಿದರು!

ಕೋಶಗಳನ್ನು ಕೊಲ್ಲದೆ, ಅವುಗಳ ವಿಭಜನೆಯನ್ನಷ್ಟೇ ತಡೆಯುತ್ತದೆ ರಾಪಾಮೈಸಿನ್. ಸ್ಟೆಂಟಿಗೆ ಬೇಕಿದ್ದದ್ದು ಅದೇ! 1999ರ ಡಿಸೆಂಬರಿನಲ್ಲಿ ಸಾವೊ ಪಾಲೊದಲ್ಲಿ ಡಾ. ಎಡ್ವಾರ್ಡೊ ಸೌಸಾ ಅದನ್ನು ಸವರಿದ ಸ್ಟೆಂಟ್ ಹಾಕಿದರು. 238 ರೋಗಿಗಳ ಪರೀಕ್ಷೆಯ ಫಲಿತಾಂಶ 2002ರಲ್ಲಿ ಹೊರಬಿತ್ತು: ಆರು ತಿಂಗಳಲ್ಲಿ ಬರಿಯ ಲೋಹದ ಸ್ಟೆಂಟಿನವರಲ್ಲಿ ಶೇ. 26.6 ಮಂದಿಗೆ ನಾಳ ಮತ್ತೆ ಕಿರಿದಾಗಿತ್ತು; ಮದ್ದಿನ ಸ್ಟೆಂಟಿನವರಲ್ಲಿ ಒಬ್ಬರಿಗೂ ಇಲ್ಲ! ದೊಡ್ಡ ಅಧ್ಯಯನಗಳಲ್ಲಿ ಆ ಸೊನ್ನೆ ಉಳಿಯಲಿಲ್ಲ. ಆದರೆ ತೊಂದರೆ ತುಂಬಾ ತಗ್ಗಿದ್ದು ಖಚಿತವಾಯಿತು.

ಇಷ್ಟಕ್ಕೆ ಬೇಕಾದ ಮದ್ದು ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ! ಆದರೆ ಅದು ಒಳಪದರ ಮಾಯುವುದನ್ನೂ ನಿಧಾನಿಸುತ್ತದೆ. ಲೋಹ ಮುಚ್ಚಿಕೊಳ್ಳುವವರೆಗೆ ಅದರ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಆಸ್ಪಿರಿನ್ ಜೊತೆ ಇನ್ನೊಂದು ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡುವುದು ಅದಕ್ಕೇ. ಸ್ಟೆಂಟ್ ಹಾಕಿಸಿಕೊಂಡವರೇ, ಡಾಕ್ಟರನ್ನು ಕೇಳದೆ ಆ ಮಾತ್ರೆಗಳನ್ನು ಒಂದು ದಿನವೂ ಬಿಡಬೇಡಿ.